ಐ-೪೦೪: ಅಪೂರ್ಣವಾಗಿ ಉಳಿದ ಒಂದು ಜಲಾಂತರ್ಗಾಮಿ ನೌಕೆ

ದ್ವಿತೀಯ ಮಹಾಯುದ್ಧದ ಅಂತ್ಯಕಾಲದಲ್ಲಿ, ೧೯೪೫ನೆಯ ಇಸವಿ ಜುಲೈ ೨೮ರಂದು, ಜಪಾನಿನ ಕುರೆ ಬಂದರಿನ ಮೇಲೆ ಅಮೆರಿಕದ ವಿಮಾನಗಳು ನಡೆಸಿದ ದಾಳಿಯಲ್ಲಿ ಐ-೪೦೪ ಎಂಬ ಜಲಾಂತರ್ಗಾಮಿ ನೌಕೆಯು ಮುಳುಗಿತು. ಆಗ ಅದರ ನಿರ್ಮಾಣವಿನ್ನೂ ಮುಗಿದಿರಲಿಲ್ಲ. ಇಷ್ಟನ್ನೇ ನೋಡಿದವರಿಗೆ ಅದರ ಅಪೂರ್ಣತೆಗೆ ಶತ್ರುಗಳ ಬಾಂಬುಗಳೇ ಕಾರಣವೆಂದು ತೋರುವುದು ಸಹಜ. ಆದರೆ ಸಂಗತಿಗಳನ್ನು ಕಾಲಕ್ರಮದಲ್ಲಿಟ್ಟು ಪರಿಶೀಲಿಸಿದರೆ ಈ ನಿರ್ಣಯವು ನಿಲ್ಲಲಾರದು.

ಈ ವರ್ಗದ ನೌಕೆಗಳ ಕಲ್ಪನೆಯು ಜಪಾನೀ ನೌಕಾಧಿಪತಿಯಾಗಿದ್ದ ಅಡ್ಮಿರಲ್ ಯಮಮೊಟೊ ಇಸೊರೊಕು ಅವರದು. ವಿಮಾನಗಳನ್ನು ಒಡಲಲ್ಲಿಟ್ಟುಕೊಂಡು ಮಹಾಸಾಗರವನ್ನು ದಾಟಿ, ಅಮೆರಿಕದ ನಗರಗಳ ಮೇಲೆಯೇ ದಾಳಿಮಾಡಬೇಕೆಂಬುದು ಅವರ ಉದ್ದೇಶ. ಅದಕ್ಕನುಗುಣವಾಗಿ ನೌಕೆಯ ಉದ್ದವನ್ನು ೧೨೨ ಮೀಟರುಗಳಿಗೆ ನಿಗದಿಮಾಡಿದರು. ರೆಕ್ಕೆಗಳನ್ನು ಮಡಿಸಿದ ಮೂರು ಸೇಯಿರಾನ್ ವಿಮಾನಗಳಿಗಾಗಿ ನೀರು ಹೊಗದ ಕೊಳವೆಯಾಕಾರದ ಕೋಠಿಯನ್ನೂ, ಅವನ್ನು ಯಂತ್ರಬಲದಿಂದ ಆಕಾಶಕ್ಕೆ ಚಿಮ್ಮಿಸುವ ಏರ್ಪಾಡನ್ನೂ ಯೋಜಿಸಿದರು. ಇಂತಹ ೧೮ ನೌಕೆಗಳನ್ನು ಕಟ್ಟಬೇಕೆಂದಿದ್ದಿತು. ೧೯೪೩ರ ಏಪ್ರಿಲ್‌ನಲ್ಲಿ ಯಮಮೊಟೊ ಮರಣ ಹೊಂದಿದ ಮೇಲೆ ಈ ಸಂಖ್ಯೆಯು ಕುಗ್ಗುತ್ತ ಬಂದು, ಕಡೆಗೆ ಮೂರು ಮಾತ್ರ ಪೂರ್ಣಗೊಂಡುವು.

ಐ-೪೦೪ರ ಕೆಲಸವು ಕುರೆಯ ನೌಕಾನಿರ್ಮಾಣಾಲಯದಲ್ಲಿ ೧೯೪೩ರ ನವೆಂಬರಿನಲ್ಲಿ ಮೊದಲಾಯಿತು. ೧೯೪೪ರ ಜುಲೈಯಲ್ಲಿ ಅದನ್ನು ನೀರಿಗಿಳಿಸಿದರು. ೧೯೪೫ರ ಜೂನ್ ೪ರಂದು, ನೂರಕ್ಕೆ ೯೫ ಪಾಲು ಮುಗಿದಿದ್ದಾಗ, ನಿರ್ಮಾಣವು ನಿಂತಿತು. ಎಂದರೆ, ನೌಕೆಯು ಮುಳುಗುವುದಕ್ಕೆ ಏಳು ವಾರಗಳಿಗೂ ಹಿಂದೆಯೇ ಕಟ್ಟುವವರು ಅದನ್ನು ಕೈಬಿಟ್ಟಿದ್ದರು.

ಕೈಬಿಟ್ಟುದೇಕೆಂಬುದಕ್ಕೆ ಸೋದರನೌಕೆಯಾದ ಐ-೪೦೨ರ ವೃತ್ತಾಂತವು ಬೆಳಕು ಕೊಡುತ್ತದೆ. ಅದೇ ಜುಲೈಯಲ್ಲಿ ಪೂರ್ಣವಾದ ಆ ನೌಕೆಯನ್ನು ವಿಮಾನಗಳಿಗೆ ಬದಲಾಗಿ ತೈಲವನ್ನು ಸಾಗಿಸುವುದಕ್ಕಾಗಿ ಮಾರ್ಪಡಿಸಿದ್ದರು. ದಕ್ಷಿಣದ ತೈಲಮಾರ್ಗಗಳು ಕಡಿದುಹೋಗಿದ್ದ ಜಪಾನಿಗೆ ಆಗ ಬೇಕಾಗಿದ್ದುದು ದೂರದ ನಗರಗಳನ್ನು ಸುಡುವ ಸಾಧನವಲ್ಲ, ತನ್ನ ಹಡಗುಗಳನ್ನು ನಡೆಸುವ ಎಣ್ಣೆ.

ಉಳಿದೆರಡು ನೌಕೆಗಳಾದ ಐ-೪೦೦, ಐ-೪೦೧ ಉಲಿಥಿಯ ಅಮೆರಿಕದ ನೌಕಾನೆಲೆಯನ್ನು ಗುರಿಯಾಗಿಟ್ಟುಕೊಂಡು ಹೊರಟುವಾದರೂ, ದಾಳಿಗೆ ಮೊದಲೇ ಆಗಸ್ಟಿನಲ್ಲಿ ಜಪಾನು ಶರಣಾಗತವಾಯಿತು. ೧೯೪೬ರಲ್ಲಿ ಅಮೆರಿಕದವರು ಅವೆರಡನ್ನೂ ಹವಾಯಿಯ ಬಳಿ ಮುಳುಗಿಸಿದರು. ಐ-೪೦೪ರ ಒಡಲನ್ನು ಮೇಲೆತ್ತಿ ೧೯೫೨ರಲ್ಲಿ ಒಡೆದುಹಾಕಿದರು.

ಪೂರ್ಣಗೊಂಡ ನೌಕೆಗಳೂ ತಮ್ಮ ವಿಮಾನಗಳನ್ನು ಯುದ್ಧಕ್ಕೆ ಕಳುಹಿಸಲಿಲ್ಲವೆಂಬುದನ್ನು ಗಮನಿಸಿದರೆ, ಐ-೪೦೪ಕ್ಕೆ ಇದ್ದ ಕೊರತೆಯು ಉಳಿದ ಐದು ಪಾಲು ಕೆಲಸದ್ದಲ್ಲವೆಂದು ತಿಳಿಯುತ್ತದೆ. ಯಾವ ಯುದ್ಧಕ್ಕಾಗಿ ಅದನ್ನು ಕಲ್ಪಿಸಿದರೋ ಆ ಯುದ್ಧವೇ ಅದರ ನಿರ್ಮಾಣಕ್ಕಿಂತ ಮೊದಲು ಮುಗಿದುಹೋಗಿದ್ದಿತು.