ಗೋಡೆ ತೊಳೆದ ಮಳೆನೀರಿನಲ್ಲಿ ಏನಿದೆ?

ರೋಮ್ ನಗರದ ಹೊರವಲಯದ ತೋರ್ ತ್ರೆ ತೆಸ್ತೆಯಲ್ಲಿ 2003ರಲ್ಲಿ ಒಂದು ಚರ್ಚ್ ಸಿದ್ಧವಾಯಿತು. ವಾಸ್ತುಶಿಲ್ಪಿ ರಿಚರ್ಡ್ ಮೇಯರ್. ಹಾಯಿಪಟದಂತೆ ಬಾಗಿ ನಿಂತ ಮೂರು ಬಿಳಿ ಕಾಂಕ್ರೀಟ್ ಗೋಡೆಗಳೇ ಅದರ ಗುರುತು. ಆ ಬಿಳುಪು ಊರಿನ ಹೊಗೆಗೆ ಮಾಸಬಾರದೆಂದು ಇಟಲ್‌ಸಿಮೆಂಟಿ ಕಂಪನಿ ಟೈಟಾನಿಯಂ ಡೈಆಕ್ಸೈಡ್ ಬೆರೆಸಿದ ಸಿಮೆಂಟ್ ಒದಗಿಸಿತು. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಈ ಕಣಗಳು ಮೇಲೆ ಕೂತ ಕೊಳೆಯನ್ನು ಒಡೆಯುತ್ತವೆ, ವಾಹನಗಳ ಹೊಗೆಯ ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನೇ ವಿಭಜಿಸಬಲ್ಲದು ಎಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲೇ ತೋರಿಸಿದ್ದರು. ಆ ರಸಾಯನಶಾಸ್ತ್ರ ಗೋಡೆಗೆ ಇಳಿಯಲು ಮೂವತ್ತು ವರ್ಷ ಹಿಡಿಯಿತು.

ಆ ಕಾಲದಲ್ಲಿ ಇಂಥ ಅತಿಸೂಕ್ಷ್ಮ (ನ್ಯಾನೋ) ಕಣಗಳ ಗೋಡೆಯ ‘ಪರಿಸರ ಪರಿಣಾಮ’ ಎಂದರೆ ಒಳ್ಳೆಯ ಪರಿಣಾಮವೇ. ಗೋಡೆ ಎಷ್ಟು ಹೊಗೆ ತಿನ್ನುತ್ತದೆ ಎಂದು ಅಳೆಯುವುದಷ್ಟೇ ಕೆಲಸವಾಗಿತ್ತು. ಪ್ರಯೋಗಾಲಯದ ಮುಚ್ಚಿದ ಪೆಟ್ಟಿಗೆಯಲ್ಲಿ ಅಂಕಿಗಳು ಚೆನ್ನಾಗಿಯೇ ಬಂದವು. ಬೀದಿಯಲ್ಲಿ ಹಾಗಾಗಲಿಲ್ಲ, ಏಕೆಂದರೆ ಅಲ್ಲಿನ ಗಾಳಿಯ ಬಹುಪಾಲು ಗೋಡೆಯನ್ನು ಮುಟ್ಟದೆಯೇ ಹಾದುಹೋಗುತ್ತದೆ. ನಗರದ ಗಾಳಿಯನ್ನು ಇಂಥ ಗೋಡೆ, ಬಣ್ಣಗಳಿಂದ ಶುದ್ಧ ಮಾಡಬಹುದೆನ್ನಲು ಪುರಾವೆ ಸಾಲದು ಎಂದು ಬ್ರಿಟನ್ ಸರ್ಕಾರದ ವಾಯುಗುಣಮಟ್ಟ ತಜ್ಞರ ತಂಡ 2016ರಲ್ಲಿ ಹೇಳಿತು.

ಇನ್ನೊಂದು ಕಡೆ ಆತಂಕ ಬೆಳೆಯುತ್ತಿತ್ತು. ಪರಿಣಾಮ ಗೊತ್ತಾಗುವವರೆಗೆ ತಯಾರಿಸಿದ ನ್ಯಾನೋ ಕಣಗಳು ಪರಿಸರ ಸೇರುವುದನ್ನು ಸಾಧ್ಯವಾದಷ್ಟು ತಪ್ಪಿಸಿ ಎಂದು ಬ್ರಿಟನ್ನಿನ ರಾಯಲ್ ಸೊಸೈಟಿ 2004ರಲ್ಲಿ ಸಲಹೆ ನೀಡಿತು. ಕಾಂಕ್ರೀಟಿನ ಬಿರುಕು ತಡೆಯಲು ಇಂಗಾಲದ ನ್ಯಾನೋ ಕೊಳವೆಗಳನ್ನು ಬೆರೆಸಿ ನೋಡುತ್ತಿದ್ದವರಿಗೆ 2008ರಲ್ಲಿ ದೊಡ್ಡ ಪೆಟ್ಟು ಬಿತ್ತು. ಉದ್ದನೆಯ ಕೊಳವೆಗಳು ಇಲಿಗಳ ದೇಹದಲ್ಲಿ ಕಲ್ನಾರಿನ ಹಾಗೆಯೇ ಉರಿಯೂತ ತರುತ್ತವೆ ಎಂದು ಎಡಿನ್‌ಬರೊದ ಸಂಶೋಧಕರು ಪ್ರಕಟಿಸಿದರು. ಕಲ್ನಾರನ್ನು ಛಾವಣಿಗೆ ಹೊದಿಸಿ ದಶಕಗಳ ನಂತರ ಪಶ್ಚಾತ್ತಾಪಪಟ್ಟ ಉದ್ಯಮ ಕಟ್ಟಡ ನಿರ್ಮಾಣದ್ದು. ಆ ಹೆಸರು ಕೇಳಿದರೇ ಬೆಚ್ಚಿಬೀಳುತ್ತದೆ. ಎಲ್ಲ ಕೊಳವೆಯೂ ಒಂದೇ ಅಲ್ಲ ಅನ್ನುವುದು ಆಮೇಲೆ ಸ್ಪಷ್ಟವಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಒಂದೇ ಒಂದು ಬಗೆಯನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ಗುಂಪಿಗೆ ಸೇರಿಸಿತು. ಉಳಿದವುಗಳ ಬಗ್ಗೆ ತೀರ್ಪು ಕೊಡುವಷ್ಟು ಆಧಾರ ಅದಕ್ಕೆ ಸಿಗಲಿಲ್ಲ.

ನನ್ನ ಮಟ್ಟಿಗೆ ಈ ಕ್ಷೇತ್ರ ನಿಜವಾಗಿ ಕಣ್ಣು ತೆರೆದದ್ದು ಸ್ವಿಟ್ಜರ್ಲೆಂಡಿನ ಗೋಡೆಗಳ ಬುಡದಲ್ಲಿ. ರಾಲ್ಫ್ ಕೇಗಿ ಮತ್ತು ಸಂಗಡಿಗರು ಮನೆಗಳ ಹೊರಗೋಡೆ ತೊಳೆದು ಬರುವ ಮಳೆನೀರನ್ನು ಹಿಡಿದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರು. 2008ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಹೊಸದಾಗಿ ಬಣ್ಣ ಬಳಿದ ಗೋಡೆಯ ನೀರಿನಲ್ಲಿ ಲೀಟರಿಗೆ 600 ಮೈಕ್ರೋಗ್ರಾಂವರೆಗೂ ಟೈಟಾನಿಯಂ ಇತ್ತು. ಗಮನಿಸಬೇಕಾದ ಸಂಗತಿಯೆಂದರೆ ಅದು ನ್ಯಾನೋ ಹೆಸರಿನಲ್ಲಿ ಮಾರಿದ ಬಣ್ಣವಲ್ಲ. ಬಿಳುಪಿಗೆಂದು ಎಲ್ಲರೂ ಬಳಸುವ ವರ್ಣದ್ರವ್ಯದಲ್ಲೇ ಅಷ್ಟು ಚಿಕ್ಕ ಕಣಗಳೂ ಇದ್ದವು. ಎರಡು ವರ್ಷದ ಮೇಲೆ ಅದೇ ತಂಡ ಬೆಳ್ಳಿಯ ನ್ಯಾನೋ ಕಣವಿರುವ, ಪಾಚಿ ಕಟ್ಟದಂತೆ ತಡೆಯುವ ಬಣ್ಣವನ್ನು ಮಾದರಿ ಗೋಡೆಗೆ ಹಚ್ಚಿ ಒಂದು ವರ್ಷ ಬಿಸಿಲು-ಮಳೆಗೆ ಬಿಟ್ಟು ನೋಡಿದ ಫಲಿತಾಂಶ ಪ್ರಕಟಿಸಿತು. ಬೆಳ್ಳಿಯಲ್ಲಿ ಶೇ 30ಕ್ಕೂ ಹೆಚ್ಚು ಪಾಲು ಹರಿದುಹೋಗಿತ್ತು. ಅದರಲ್ಲಿ ಬಹಳಷ್ಟು ಹೋದದ್ದು ಮೊದಮೊದಲ ಮಳೆಗಳಲ್ಲೇ. ಪಾಚಿ ಬೆಳೆಯಲು ತಕ್ಕ ಕಾಲ ಬರುವಷ್ಟರಲ್ಲಿ ಅದನ್ನು ಕೊಲ್ಲಬೇಕಾದ ಬೆಳ್ಳಿಯ ಗಣನೀಯ ಪಾಲು ಚರಂಡಿ ಸೇರಿರುತ್ತದೆ. ಕೊಂಡವನಿಗೂ ನಷ್ಟ, ಹೊಳೆಗೂ ನಷ್ಟ.

ಆದರೆ ಅದೇ ಅಧ್ಯಯನ ಸಮಾಧಾನದ ಮಾತೊಂದನ್ನೂ ಹೇಳಿತು. ಹೊರಬಂದ ಕಣಗಳಲ್ಲಿ ಹೆಚ್ಚಿನವು ಬಿಡಿಯಾಗಿರಲಿಲ್ಲ, ಬಣ್ಣದ ಅಂಟಿಗೇ ಕಚ್ಚಿಕೊಂಡಿದ್ದವು. ಬೆಳ್ಳಿಯಲ್ಲಿ ಒಂದಿಷ್ಟು ಗಂಧಕದೊಡನೆ ಕೂಡಿ, ಕಡಿಮೆ ವಿಷವುಳ್ಳ ಸಲ್ಫೈಡ್ ಆಗುತ್ತಿತ್ತು. ಹಾಗಿದ್ದರೆ ಅಪ್ಪಟ ಪುಡಿಯನ್ನು ಮೀನಿಗೋ ಪಾಚಿಗೋ ಉಣಿಸಿ ನಡೆಸಿದ ವಿಷಪರೀಕ್ಷೆಗಳು ಗೋಡೆಯಿಂದ ಬರುವ ವಸ್ತುವಿನ ಬಗ್ಗೆ ಹೇಳುವುದು ಕಡಿಮೆ. ಐರೋಪ್ಯ ಒಕ್ಕೂಟದ ‘ನ್ಯಾನೋಹೌಸ್’ ಯೋಜನೆ ಮುಂದೆ ಹಿಡಿದದ್ದು ಈ ಜಾಡನ್ನೇ: ಬಣ್ಣವನ್ನು ಉಜ್ಜಿ, ಸವೆಸಿ, ಹಳತಾಗಿಸಿ, ಏನು ಉದುರುತ್ತದೆಂದು ನೋಡುವುದು.

ಇದಕ್ಕೆ ಜೊತೆಯಾಗಿ ಬೆಳೆದದ್ದು ಜೀವನಚಕ್ರ ಲೆಕ್ಕ. ಗಣಿಯಿಂದ ಕಸದ ಗುಂಡಿಯವರೆಗಿನ ಪರಿಣಾಮವನ್ನೆಲ್ಲ ಕೂಡಿಸುವ ಈ ಪದ್ಧತಿ ನ್ಯಾನೋ ವಸ್ತುಗಳಿಗೂ ಹೊಂದುತ್ತದೆ, ಕೊರತೆಯಿರುವುದು ಮಾಹಿತಿಗೆ ಎಂದು 2006ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ್ದ ತಜ್ಞರು ಒಪ್ಪಿದ್ದರು. ಕಾಂಕ್ರೀಟಿನ ವಿಷಯದಲ್ಲಿ ಈ ಲೆಕ್ಕ ತಿರುಗುವುದು ಸಿಮೆಂಟಿನ ಸುತ್ತ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ 8. ಕಾಂಕ್ರೀಟನ್ನು ಗಟ್ಟಿಗೊಳಿಸುವ ನ್ಯಾನೋ ಸಿಲಿಕಾವನ್ನು ಚೂರು ಹಾಕಿ ಸಿಮೆಂಟ್ ಕಡಿಮೆ ಮಾಡಿದರೆ ಲಾಭ ನಿಜ; ಕಾಂಕ್ರೀಟು ಮಾತ್ರ ಗಟ್ಟಿಯಾಗಿ ಸಿಮೆಂಟ್ ಅಷ್ಟೇ ಉಳಿದರೆ, ಸಿಲಿಕಾ ತಯಾರಿಗೆ ಸುಟ್ಟ ಇಂಧನ ಮೇಲೊಂದು ಹೊರೆ. ಇಂಗಾಲದ ಕೊಳವೆಗಳ ತಯಾರಿಯಂತೂ ಇನ್ನೂ ಹೆಚ್ಚು ಶಕ್ತಿ ಬೇಡುತ್ತದೆ. ಹೀಗಾಗಿ ‘ನ್ಯಾನೋ ಕಾಂಕ್ರೀಟು ಹಸಿರು’ ಎಂಬ ಜಾಹೀರಾತನ್ನು ನಂಬುವ ಮುನ್ನ ಚೀಲದಲ್ಲಿ ಎಷ್ಟು ಸಿಮೆಂಟ್ ಉಳಿಯಿತೆಂದು ಕೇಳಬೇಕು.

ತೀರಾ ಬಡಕಲಾಗಿ ಉಳಿದಿರುವುದು ಕಟ್ಟಡದ ಕೊನೆಗಾಲದ ಅಧ್ಯಯನ. ಗೋಡೆ ಐವತ್ತು ವರ್ಷ ನಿಲ್ಲುತ್ತದೆ, ಸಂಶೋಧನಾ ಅನುದಾನ ಮೂರ್ನಾಲ್ಕು ವರ್ಷಕ್ಕೇ ಮುಗಿಯುತ್ತದೆ. ಕೆಡವುವಾಗ, ಕೊರೆಯುವಾಗ, ಹಳೇ ಬಣ್ಣ ಉಜ್ಜುವಾಗ ಏಳುವ ದೂಳನ್ನು ಉಸಿರಾಡುವವರು ಕೂಲಿಯವರು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ 2011ರಲ್ಲಿ ಗಾಳಿಯ ಘನಮೀಟರಿಗೆ ಸಾಮಾನ್ಯ ಟೈಟಾನಿಯಂ ಡೈಆಕ್ಸೈಡ್ ದೂಳಿಗೆ 2.4 ಮಿಲಿಗ್ರಾಂ, ಅತಿಸೂಕ್ಷ್ಮ ದೂಳಿಗೆ 0.3 ಮಿಲಿಗ್ರಾಂ ಮಿತಿ ಸೂಚಿಸಿತು. ವಸ್ತು ಒಂದೇ, ಗಾತ್ರ ಇಳಿದದ್ದಕ್ಕೆ ಮಿತಿ ಎಂಟನೇ ಒಂದು ಪಾಲಿಗೆ ಇಳಿಯಿತು.

ಸ್ವಿಸ್ ಮಳೆಯ ಅಂಕಿಯನ್ನು ಆಗುಂಬೆಗೆ ಅನ್ವಯಿಸಲಾಗದು. ಜ್ಯೂರಿಕ್‌ನಲ್ಲಿ ವರ್ಷವಿಡೀ ಸುರಿಯುವುದಕ್ಕಿಂತ ಹಲವು ಪಟ್ಟು ಮಳೆ ಮಲೆನಾಡಿನಲ್ಲಿ ನಾಲ್ಕು ತಿಂಗಳಲ್ಲಿ ಬೀಳುತ್ತದೆ, ಬೇಸಿಗೆಯ ಬಿಸಿಲೂ ಬೇರೆ. ನಮ್ಮ ಗೋಡೆಗಳ ನೀರನ್ನು ನಾವೇ ಹಿಡಿದು ಅಳೆಯಬೇಕು. ಅದಕ್ಕೆ ಬೇಕಾದ ಉಪಕರಣಗಳು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಇವೆ. ದೇಶದೊಳಗೆ ಬರುವ ನ್ಯಾನೋ ವಸ್ತುಗಳನ್ನು ಕಂಪನಿಗಳು ಪ್ರತಿವರ್ಷ ಘೋಷಿಸಬೇಕೆಂಬ ನಿಯಮವನ್ನು ಫ್ರಾನ್ಸ್ 2013ರಿಂದಲೇ ಜಾರಿಗೆ ತಂದಿದೆ. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೋ ಕನಿಷ್ಠ ಬಣ್ಣದ ಡಬ್ಬಿಯ ಮೇಲಾದರೂ ನ್ಯಾನೋ ಕಣದ ಹೆಸರು ಮತ್ತು ಪ್ರಮಾಣ ಬರೆಯುವುದನ್ನು ಕಡ್ಡಾಯ ಮಾಡಲಿ.