ಒಂದು ಜೀಪು, ಎರಡು ಎಂಜಿನ್: ನಮ್ಮ ಕಡೆ ಎಂಜಿನ್ ಬದಲಿಸಿದ ಚರಿತ್ರೆ

ಆಲೂಗಡ್ಡೆ ಬಿತ್ತನೆ ಮುಗಿದು ಕೈಗೆ ನಾಲ್ಕು ದಿನ ಬಿಡುವು ಸಿಕ್ತು. ಸುಮಾರು 20 ವರ್ಷದಿಂದ ಕೊಟ್ಟಿಗೆ ಹಿಂದೆ ತೆಂಗಿನ ಗರಿ ಹೊದ್ದು ನಿಂತಿದ್ದ ನಮ್ಮ ಜೀಪನ್ನು ಟ್ರಾಕ್ಟರಿಗೆ ಕಟ್ಟಿ ಹೊರಗೆ ಎಳೆದ್ವಿ. ನೋಡೋಕೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಇದಕ್ಕೆ ಯಾವ ಎಂಜಿನ್ ಕೂರಿಸ್ತೀಯ?"

ಊರಿನ ಹುಡುಗರು ಬೊಲೆರೊ ಎಂಜಿನ್ ಹಾಕ್ಸಣ್ಣ, ಟರ್ಬೊ ಇರ್ಲಿ ಅಂದ್ರು. ನಮ್ಮಪ್ಪ ಜಗಲಿ ಮೇಲೆ ಕೂತಿದ್ದೋರು ಒಂದೇ ಮಾತಲ್ಲಿ ಮುಗಿಸಿದ್ರು: "ಇರೋ ಎಂಜಿನ್ ಮುಟ್ಟಬ್ಯಾಡ ಕಣ್ಲಾ. ನಿಮ್ಮನ್ನೆಲ್ಲ ಸಾಕಿದ್ದು ಅದೇಯ." ನನ್ನ ಮನಸ್ಸಲ್ಲಿ ಇದ್ದದ್ದು ಮೂರನೇದು. ಜೀಪಿನ ಜೊತೆ ಕಂಪನಿಯಿಂದ ಬಂದ ಪೆಟ್ರೋಲ್ ಎಂಜಿನ್ ನಮ್ಮ ತಂಬಾಕು ಬ್ಯಾರನ್ನಿನ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ ಇನ್ನೂ ಇದೆ. ಅಪ್ಪ 1981ರಲ್ಲಿ ಇಳಿಸಿದ್ದು. ಅದನ್ನೇ ವಾಪಸ್ ಕೂರಿಸಬೇಕು ಅಂತ ನನ್ನ ಆಸೆ.

ಯಾವುದು ಸರಿ ಅಂತ ತೀರ್ಮಾನ ಮಾಡೋಕೆ ಮೊದಲು, ಅಪ್ಪ ಯಾಕೆ ಎಂಜಿನ್ ಬದಲಿಸಿದ್ರು ಅನ್ನೋದು ತಿಳೀಬೇಕಿತ್ತು. ಕೆದಕುತ್ತಾ ಹೋದ ಹಾಗೆ ನಮ್ಮ ಮನೆಯ ಕತೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಷ್ಟೋ ಮನೆಗಳ ಕತೆ ಅನ್ನಿಸ್ತು. ಅದಕ್ಕೇ ಬರೀತಿದ್ದೀನಿ.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕೆ. ಯುದ್ಧ ಮುಗಿದ ಮೇಲೆ ಅಮೆರಿಕದ ವಿಲ್ಲಿಸ್ ಕಂಪನಿ ಅದನ್ನೇ ರೈತರ ಗಾಡಿ ಅಂತ ಮಾರೋಕೆ ಶುರು ಮಾಡ್ತು. 1947ರಲ್ಲಿ ಮಹೀಂದ್ರಾದವರು ಮೊದಲ ಕಂತಿನಲ್ಲಿ 75 ಗಾಡಿಗಳನ್ನು ಬಿಡಿಭಾಗವಾಗಿ ತರಿಸಿಕೊಂಡರು. 1949ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಣೆ ಮಾಡಿದ ಜೀಪು ಹೊರಬಂತು. ನಮ್ಮ ಕಡೆ ಹೆಚ್ಚು ಓಡಾಡಿದ ಎತ್ತರದ ಬಾನೆಟ್ಟಿನ ಜೀಪು ಸಿಜೆ-3ಬಿ ಮಾದರಿ. ಬಾನೆಟ್ ಎತ್ತರ ಇರೋದಕ್ಕೆ ಎಂಜಿನ್ನೇ ಕಾರಣ. ಹರಿಕೇನ್ ಅನ್ನೋ ಆ ಪೆಟ್ರೋಲ್ ಎಂಜಿನ್ 134 ಘನ ಇಂಚು, ಅಂದ್ರೆ ಸುಮಾರು 2200 ಸಿಸಿ. ಅದರಲ್ಲಿ ಇನ್ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಹಳೇ ಎಂಜಿನ್ನಿಗಿಂತ ಹೆಡ್ ಎತ್ತರ ಆಯ್ತು, ಬಾನೆಟ್ಟೂ ಮೇಲೆ ಹೋಯ್ತು.

ನಮ್ಮ ಜೀಪು 1968ರಲ್ಲಿ ನೋಂದಣಿ ಆದದ್ದು. ನಂಬರ್ ಈಗಿನ ಕೆಎ-13 ಅಲ್ಲ, ಹಳೇ ಎಂವೈ. ಮೊದಲು ಸಕಲೇಶಪುರ ಕಡೆ ಒಂದು ಕಾಫಿ ತೋಟದಲ್ಲಿತ್ತು. ಅಪ್ಪ ಕೊಂಡದ್ದು 1974ರಲ್ಲಿ, ಸೋವಿಗೆ. ಸೋವಿಗೆ ಸಿಕ್ಕಿದ್ದು ಯಾಕೆ ಅನ್ನೋದರಲ್ಲೇ ಮುಂದಿನ ಕತೆ ಇದೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಮಾಡಿದ್ವು, ಜಗತ್ತಿನಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರ್ತು. ನಮ್ಮ ಸರ್ಕಾರ ಡೀಸೆಲ್ ಅನ್ನು ರೈತರಿಗೆ, ಲಾರಿಗೆ, ಬಸ್ಸಿಗೆ ಬೇಕು ಅಂತ ಅಗ್ಗವಾಗಿ ಉಳಿಸ್ತು. ಪೆಟ್ರೋಲ್ ಸಾಹುಕಾರರದ್ದು ಅಂತ ಅದರ ಮೇಲೆ ಭಾರ ಹಾಕ್ತು. ಪೆಟ್ರೋಲ್ ಜೀಪು ಇದ್ದವರಿಗೆ ಅದು ಬಿಳಿ ಆನೆ ಆಯ್ತು. ತೋಟದವರು ಮಾರಿದ್ರು, ಅಪ್ಪ ಕೊಂಡ್ರು.

ಇಂಧನದ ಬೆಲೆಗೆ ತಕ್ಕ ಹಾಗೆ ಗಾಡಿಯ ಹೊಟ್ಟೆ ಬದಲಿಸೋದು ಆಗಲೇ ಹೊಸದಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಲು ಗ್ಯಾಸಿನಲ್ಲಿ ಓಡಿಸ್ತಿದ್ರು. ನಮ್ಮ ಅಜ್ಜಂದಿರ ಬಾಯಲ್ಲಿ ಇದ್ದಲು ಬಸ್ಸಿನ ಕತೆ ಕೇಳದೋರು ಯಾರು? ಆಮೇಲೆ ಪೆಟ್ರೋಲ್ ಎಂಜಿನ್ನಿನ ಹಳೇ ಲಾರಿಗಳಿಗೆ ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ ಕೂರಿಸಿದ್ರು. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 1932ರಲ್ಲಿ ಶುರುವಾದ ಆ ಕಂಪನಿ ಮೊದಮೊದಲು ಬದುಕಿದ್ದೇ ಪೆಟ್ರೋಲ್ ಗಾಡಿಗಳನ್ನು ಡೀಸೆಲ್ ಮಾಡೋ ವ್ಯಾಪಾರದಲ್ಲಿ. ಮದ್ರಾಸಿನ ಸಿಂಪ್ಸನ್‌ನವರು ಅದೇ ಪರ್ಕಿನ್ಸ್ ಎಂಜಿನ್ನನ್ನು ಇಲ್ಲಿ ಮಾಡಿದ್ರು. ಟಾಫೆ ಟ್ರಾಕ್ಟರ್ ಇಟ್ಟಿರೋರಿಗೆ ಸಿಂಪ್ಸನ್ ಹೆಸರು ಹೇಳಿಕೊಡಬೇಕಾಗಿಲ್ಲ.

ನಮ್ಮ ಜೀಪಿಗೆ ಬಂದದ್ದು ಬೇರೆ ಎಂಜಿನ್. 1963ರಲ್ಲಿ ಮಹೀಂದ್ರಾ ಮತ್ತು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸೇರಿ ಇಂಡಿಯಾದಲ್ಲಿ ಟ್ರಾಕ್ಟರ್ ಕಂಪನಿ ಮಾಡಿದ್ವು. ಅಲ್ಲಿಂದ ಬಂದದ್ದು ಬಿ-275. ಈ ಟ್ರಾಕ್ಟರ್ ಮೊದಲು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ 1958ರಿಂದ ತಯಾರಾಗ್ತಿತ್ತು. ಅದರ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ 144 ಘನ ಇಂಚು, ಜೀಪಿನ ಪೆಟ್ರೋಲ್ ಎಂಜಿನ್ನಿಗಿಂತ ಸ್ವಲ್ಪವೇ ದೊಡ್ಡದು. ಎಪ್ಪತ್ತರ ದಶಕದಲ್ಲಿ ಕಂಪನಿಯವರೇ ಈ ಜಾತಿಯ ಎಂಜಿನ್ನನ್ನು ಜೀಪಿಗೆ ಕೂರಿಸಿ ಡೀಸೆಲ್ ಜೀಪು ಅಂತ ಮಾರಿದ್ರು. 1979ರಲ್ಲಿ ಫ್ರಾನ್ಸಿನ ಪೂಜೊ ಕಂಪನಿಯ ಡೀಸೆಲ್ ಎಂಜಿನ್ನಿಗೂ ಲೈಸೆನ್ಸ್ ತಗೊಂಡ್ರು. ಆದ್ರೆ ಹೊಸ ಡೀಸೆಲ್ ಜೀಪು ಕೊಳ್ಳೋಕೆ ನಮ್ಮಂಥವರ ಹತ್ರ ದುಡ್ಡೆಲ್ಲಿತ್ತು? ಕಂಪನಿ ಮಾಡಿದ್ದನ್ನು ನೋಡಿ ಮೇಸ್ತ್ರಿಗಳು ಹಳೇ ಗಾಡಿಗಳಿಗೆ ಅದನ್ನೇ ಮಾಡಿದ್ರು.

ಚನ್ನರಾಯಪಟ್ಟಣ ಕಡೆ ಒಬ್ಬರ ಬಿ-275 ಟ್ರಾಕ್ಟರ್ ಕೆರೆ ಏರಿಯಿಂದ ಉರುಳಿ ಗೇರ್‌ಬಾಕ್ಸ್ ಹೌಸಿಂಗ್ ಒಡೆದಿತ್ತು, ಎಂಜಿನ್ ಚೆನ್ನಾಗಿತ್ತು. ಅಪ್ಪ ಎಂಜಿನ್ ಒಂದನ್ನೇ ಕೊಂಡು ಹಾಸನದ ಒಂದು ಗ್ಯಾರೇಜಿಗೆ ಎತ್ತಿನ ಗಾಡಿಯಲ್ಲಿ ಸಾಗಿಸಿದ್ರು. ಮೇಸ್ತ್ರಿ ಡೀಸೆಲ್ ಜೀಪಿನ ಸಂಪ್ ತಂದು ಹಾಕಿದ್ರು, ಇಲ್ದಿದ್ರೆ ಮುಂದಿನ ಆಕ್ಸಲ್ಲಿಗೆ ತಾಗ್ತಿತ್ತು. ಎಂಜಿನ್ನಿಗೂ ಹಳೇ ಗೇರ್‌ಬಾಕ್ಸಿಗೂ ನಡುವೆ ದಪ್ಪ ಪ್ಲೇಟು ಕೊರೆಸಿ ಬೋಲ್ಟ್ ಹಾಕಿದ್ರು. ಚಾಸಿಯಲ್ಲಿ ಹಳೇ ಎಂಜಿನ್ ಮೌಂಟಿಂಗ್ ಕೊಯ್ದು ಹೊಸದು ವೆಲ್ಡ್ ಮಾಡಿದ್ರು. ಮುಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಜಾಸ್ತಿ ಕೊಟ್ರು, ಡೀಸೆಲ್ ಎಂಜಿನ್ ಭಾರ ಅಂತ.

ಮೊನ್ನೆ ಕ್ರೌನ್ ಪಿನಿಯನ್ ಬಿಚ್ಚಿ ಹಲ್ಲು ಎಣಿಸಿದೆ: 43ಕ್ಕೆ 8. ಅಂದ್ರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗೋಕೆ ಎಂಜಿನ್ 5 ಸುತ್ತಿಗಿಂತ ಹೆಚ್ಚು ತಿರುಗಬೇಕು. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4000 ಸುತ್ತು ಹೋಗುತ್ತೆ, ಅದಕ್ಕೆ ಲೆಕ್ಕ ಹಾಕಿ ಕೊಟ್ಟ ಹಲ್ಲು ಇದು. ಟ್ರಾಕ್ಟರ್ ಎಂಜಿನ್ನಿಗೆ 2000ದ ಆಸುಪಾಸಿನಲ್ಲೇ ಗವರ್ನರ್ ಕಟ್ಟುತ್ತೆ. ಅದಕ್ಕೇ ನಮ್ಮ ಜೀಪು ಗಂಟೆಗೆ 50 ಕಿಲೋಮೀಟರ್ ದಾಟ್ತಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪ ನಿಧಾನಸ್ಥ ಅಂತ ನಾನು ಅಂದ್ಕೊಂಡಿದ್ದೆ, ನಿಧಾನ ಇದ್ದದ್ದು ಹಲ್ಲಿನ ಲೆಕ್ಕದಲ್ಲಿ.

ವೇಗ ಯಾರಿಗೆ ಬೇಕಿತ್ತು? ಲೀಟರಿಗೆ 6–7 ಕಿಲೋಮೀಟರ್ ಕೊಡ್ತಿದ್ದ ಗಾಡಿ 11–12 ಕೊಡೋಕೆ ಶುರು ಮಾಡ್ತು, ಅದೂ ಅಗ್ಗದ ಎಣ್ಣೆಯಲ್ಲಿ. ಹಿಂದೆ ಟ್ರೈಲರ್ ಕಟ್ಟಿ ಹಾಸನದಿಂದ ಜಲಂಧರ್ ಬಿತ್ತನೆ ಗಡ್ಡೆ ತಂದ್ರು, ರಾಮನಾಥಪುರದ ಹರಾಜಿಗೆ ತಂಬಾಕಿನ ಬೇಲ್ ಹೊತ್ರು, ರಾತ್ರಿ ಹೊತ್ತು ಬಸುರಿ ಹೆಂಗಸರನ್ನು ಹೊಳೆನರಸೀಪುರದ ಆಸ್ಪತ್ರೆಗೆ ಸೇರಿಸಿದ್ರು. ಅಪ್ಪ "ಸಾಕಿದ್ದು ಅದೇಯ" ಅನ್ನೋದು ಸುಮ್ಮನೆ ಅಲ್ಲ.

ಅದೇ ಲೆಕ್ಕದಲ್ಲಿ ಬಾಡಿಗೆ ಕಾರಿನವರೂ ನಡೆದ್ರು. 1980ರ ಹೊತ್ತಿಗೆ ಅಂಬಾಸಡರ್ ಕಂಪನಿಯಿಂದಲೇ 1489 ಸಿಸಿ ಡೀಸೆಲ್ ಎಂಜಿನ್ನಿನಲ್ಲಿ ಬಂತು. ಹಳೇ ಪೆಟ್ರೋಲ್ ಅಂಬಾಸಡರ್ ಇದ್ದವರು ಆ ಎಂಜಿನ್ ತಂದು ಕೂರಿಸಿದ್ರು. ಇನ್ನು ಕೆಲವರು ಮೆಟಡಾರ್ ಎಂಜಿನ್ ಹಾಕಿಸಿದ್ರು. ಅದು ಬೆಂಜ್ ಕಂಪನಿ ಮೂಲದ್ದು ಅಂತ ಹೆಮ್ಮೆ ಬೇರೆ.

ಎಂಜಿನ್ ಬದಲಾಯ್ತು, ಕಾಗದ ಬದಲಾಗಲಿಲ್ಲ. ಗಾಡಿಯಲ್ಲಿ ಬದಲಾವಣೆ ಮಾಡಿದ್ರೆ ನೋಂದಣಿ ಕಚೇರಿಗೆ ತಿಳಿಸಬೇಕು ಅನ್ನೋ ನಿಯಮ 1939ರ ಕಾಯ್ದೆಯಲ್ಲೂ ಇತ್ತು. ಗ್ಯಾರೇಜಿನವರೂ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ನಮ್ಮ ಆರ್‌ಸಿಯಲ್ಲಿ ಇವತ್ತಿಗೂ ಇಂಧನ ಪೆಟ್ರೋಲ್, ಎಂಜಿನ್ ನಂಬರ್ ಬ್ಯಾರನ್ನಿನ ಮೂಲೆಯಲ್ಲಿ ಇರೋದರದ್ದು. 1994ರಲ್ಲಿ ಗೊರೂರು ರಸ್ತೆಯಲ್ಲಿ ಲಾರಿಯೊಂದು ಗುದ್ದಿತು. ವಿಮೆ ಕೇಳೋಕೆ ಹೋದಾಗ ಎಂಜಿನ್ ನಂಬರ್ ತಾಳೆ ಆಗಲ್ಲ ಅಂತ ಒಂದು ಪೈಸೆ ಕೊಡಲಿಲ್ಲ. ಆ ವರ್ಷ ರಿಪೇರಿಗೆ ಒಂದು ಜೊತೆ ಎತ್ತು ಹೋಯ್ತು. ಅಮ್ಮ ಅದನ್ನು ಇನ್ನೂ ಮರೆತಿಲ್ಲ. ಆಮೇಲೆ ಆರ್‌ಸಿ ನವೀಕರಣಕ್ಕೆ ಹೋದಾಗ ಬಾನೆಟ್ ಎತ್ತಿ ನೋಡಿ ವಾಪಸ್ ಕಳಿಸಿದ್ರು. ಅಲ್ಲಿಂದ ಜೀಪು ಕೊಟ್ಟಿಗೆ ಹಿಂದೆ.

ಈಗ ನಿಯಮ ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಮಾರ್ಪಡಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಹುಡುಗರು ಹೇಳೋ ಟರ್ಬೊ ಎಂಜಿನ್ ಯಂತ್ರದ ಲೆಕ್ಕದಲ್ಲಿ ಕೂರುತ್ತೆ, ಕಾಗದದಲ್ಲಿ ಕೂರಲ್ಲ. 1968ರ ಡ್ರಮ್ ಬ್ರೇಕಿಗೆ ಅಷ್ಟು ಶಕ್ತಿ ಕೊಟ್ಟು ನಮ್ಮ ಇಳಿಜಾರುಗಳಲ್ಲಿ ಓಡಿಸೋದು ಇನ್ನೊಂದು ಅಪಾಯ.

2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ವಿಎ ಅಕ್ಷರದ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ. ಕೇಳೋಕೆ ಚೆಂದ. ಆದ್ರೆ ಆ ಗಾಡಿ ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳೀಬೇಕು, ದಿನನಿತ್ಯದ ಓಡಾಟಕ್ಕೆ ಅಲ್ಲ. ತೋಟಕ್ಕೆ ಗೊಬ್ಬರ ಹೊರದ ಜೀಪು ನಮಗ್ಯಾಕೆ? ಹಾಗಾಗಿ ನಾನು ಮಾಮೂಲಿ ಆರ್‌ಸಿಯನ್ನೇ ಜೀವಂತ ಮಾಡೋ ದಾರಿ ಹಿಡಿದಿದ್ದೀನಿ. ಅದಕ್ಕೆ ಆರ್‌ಸಿಯಲ್ಲಿ ಇರೋ ಎಂಜಿನ್ನೇ ಬಾನೆಟ್ ಕೆಳಗೆ ಇರಬೇಕು.

ಅಪ್ಪನ ಲೆಕ್ಕಕ್ಕೂ ಈಗ ಬುಡ ಇಲ್ಲ. 2010ರಲ್ಲಿ ಪೆಟ್ರೋಲ್ ಬೆಲೆ, 2014ರಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತದಿಂದ ಬಿಟ್ಟುಹೋದ್ವು. ಈಗ ಪೆಟ್ರೋಲ್ 100 ದಾಟಿದೆ, ಡೀಸೆಲ್ 90ರ ಆಸುಪಾಸು. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡೋ ಗಾಡಿಗೆ ಆ ವ್ಯತ್ಯಾಸ ದೊಡ್ಡದಲ್ಲ. ಇದನ್ನೆಲ್ಲ ಅಪ್ಪನ ಮುಂದೆ ಕಾಗದದ ಮೇಲೆ ಬರೆದು ತೋರಿಸಿದೆ. ತುಂಬಾ ಹೊತ್ತು ನೋಡಿದ್ರು. "ಹಂಗಾದ್ರೆ ಆ ಪೆಟ್ರೋಲ್ ಎಂಜಿನ್ ಗುಜರಿಗೆ ಹಾಕು ಅಂತ ನೀನೇ ಎಷ್ಟು ಸಲ ಹೇಳಿದ್ದೆ?" ಅಂದ್ರು. ಹೌದು, ಹೇಳಿದ್ದೆ. ಅವರು ವರ್ಷಕ್ಕೊಂದು ಸಲ ಅದಕ್ಕೆ ಆಯಿಲ್ ಬಿಟ್ಟು ಗೋಣಿ ಬದಲಿಸ್ತಿದ್ರು.

ಈಗ ಕೆಲಸದ ವಿವರ, ಯಾರಿಗಾದರೂ ಉಪಯೋಗ ಆಗಬಹುದು. ಪಿಸ್ಟನ್ ಹಿಡಿದುಕೊಂಡಿತ್ತು. ಪ್ಲಗ್ ಬಿಚ್ಚಿ ಸೀಮೆಎಣ್ಣೆ, ಆಯಿಲ್ ಬೆರೆಸಿ ಸಿಲಿಂಡರಿಗೆ ಬಿಟ್ಟು 10 ದಿನ ಕಾದ್ವಿ. ಹ್ಯಾಂಡಲ್ ಹಾಕಿ ಹಿಂದೆ ಮುಂದೆ ಆಡಿಸಿದಾಗ ಬಿಟ್ಟುಕೊಡ್ತು. ಬ್ಲಾಕನ್ನು ಲೇತಿನವರ ಹತ್ರ ನೀರಿನ ಒತ್ತಡಕ್ಕೆ ಹಾಕಿಸಿದೆ, ಬಿರುಕಿಲ್ಲ. ಬೋರ್ ಹೊಡೆಸಬೇಕು. ಚಾಸಿಯಲ್ಲಿ 1981ರ ವೆಲ್ಡಿಂಗ್ ಕೊಯ್ದು ಹಳೇ ಜಾಗಕ್ಕೆ ಮೌಂಟಿಂಗ್ ತರಬೇಕು. ಮುಂದಿನ ಸ್ಪ್ರಿಂಗಿನ ಹೆಚ್ಚಿನ ಪ್ಲೇಟು ತೆಗೀಬೇಕು, ಇಲ್ಲಾಂದ್ರೆ ಮೂತಿ ಮೇಲೆದ್ದು ನಿಲ್ಲುತ್ತೆ. ಡೀಸೆಲ್ ಇದ್ದ ಟ್ಯಾಂಕ್ ಇಳಿಸಿ ಪೂರಾ ತೊಳೀಬೇಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರೋದರಿಂದ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ತಡೆಯಲ್ಲ, ಎಲ್ಲ ಹೊಸದು ಹಾಕಬೇಕು. ಮಳೆಗಾಲದಲ್ಲಿ ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ್ರೆ ನೀರು ಸೇರುತ್ತೆ.

ಒಂದು ಎಚ್ಚರಿಕೆ. ತುಕ್ಕು ತೆಗೆಯೋ ಭರದಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಮೇಲೆ ಗ್ರೈಂಡರ್ ಆಡಿಸಬೇಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ್ರೆ ಅಕ್ಷರ ಮೂಡಬೇಕು, ತಪಾಸಣೆಯಲ್ಲಿ ಅದನ್ನೇ ಕೇಳೋದು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಸಾಕು. ನಿಮ್ಮ ಕೊಟ್ಟಿಗೆಯಲ್ಲಿ ಹಳೇ ಎಂಜಿನ್ ಇದ್ದರೆ ಗುಜರಿಯವನನ್ನು ಕರೆಯೋ ಮುಂಚೆ ಆರ್‌ಸಿ ತೆಗೆದು ನಂಬರ್ ತಾಳೆ ನೋಡಿ.

ಹೋದ ಸೋಮವಾರ ಹುಣಸೆ ಮರಕ್ಕೆ ಚೈನ್ ಪುಲ್ಲಿ ಕಟ್ಟಿ ಟ್ರಾಕ್ಟರ್ ಎಂಜಿನ್ ಇಳಿಸಿದ್ವಿ. ಮೌಂಟಿಂಗಿನ ವೆಲ್ಡಿಂಗ್ 40 ವರ್ಷ ಆದರೂ ಒಂದು ಕೂದಲು ಬಿಟ್ಟಿರಲಿಲ್ಲ. ಕೊಯ್ಯೋಕೆ ಮುಂಚೆ ಅಪ್ಪನನ್ನು ಕರೆದು ತೋರಿಸಿದೆ. ಬಗ್ಗಿ ಬೆರಳಾಡಿಸಿ ನೋಡಿ, "ಮೇಸ್ತ್ರಿ ಒಳ್ಳೆ ಕೆಲಸಗಾರ" ಅಂದ್ರು. ಆಮೇಲೆ ಆ ಎಂಜಿನ್ ಎಲ್ಲಿಡ್ತೀಯ ಅಂತ ಕೇಳಿದ್ರು. ಬ್ಯಾರನ್ನಿನ ಅದೇ ಮೂಲೆ ಖಾಲಿಯಾಗಿದೆ ಅಂದೆ. ಗೋಣಿಚೀಲ ಅವರೇ ಹುಡುಕಿ ತಂದ್ರು.

ಬೋರ್ ಕೆಲಸ ಮುಗಿದ ಮೇಲೆ ಮುಂದಿನದ್ದು ಬರೀತೀನಿ. ಹರಿಕೇನ್ ಎಂಜಿನ್ನಿನ ಹಳೇ ಡಿಸ್ಟ್ರಿಬ್ಯೂಟರ್ ಯಾರ ಹತ್ರ ಆದ್ರೂ ಬಿದ್ದಿದ್ರೆ ಸಂತೆಯಲ್ಲಿ ಸಿಕ್ಕಾಗ ಒಂದು ಮಾತು ಹೇಳಿ.