ಕೋವಿಗೆ ಹಿಡಿದ ತುಕ್ಕಿನ ಚರಿತ್ರೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಎಲ್ಲ ನಿರ್ದೇಶಕರೂ ಏನಾದರೊಂದು ಬರೆದುಕೊಡಲೇಬೇಕೆಂದು ಅಧ್ಯಕ್ಷರು ಹಟ ಹಿಡಿದರು. ಸಾಲ, ಠೇವಣಿ, ಗೊಬ್ಬರದ ಲೆಕ್ಕವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಹೇಗೂ ಬರುತ್ತದೆ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕಿಳಿದವರು. ನಮಗೆ ಗೊತ್ತಿರುವುದು ಅಡಿಕೆ, ಮಳೆ, ಮಂಗ, ಮತ್ತೆ ಕೋವಿ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿದ ಕೋವಿ ನಮ್ಮ ಸದಸ್ಯರ ಎಷ್ಟೋ ಮನೆಗಳಲ್ಲಿದೆ. ಅದಕ್ಕೆ ಹಿಡಿಯುವ ತುಕ್ಕಿನ ಚರಿತ್ರೆಯನ್ನೇ ಬರೆಯೋಣವೆಂದುಕೊಂಡೆವು. ನಗಬೇಡಿ, ತುಕ್ಕಿಗೂ ಚರಿತ್ರೆಯಿದೆ.

ಪಕ್ಕದ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಹಾಳುಬಾವಿಯ ಕೆಸರೆತ್ತುವಾಗ ಟಿಪ್ಪುವಿನ ಕಾಲದ್ದೆಂದು ಹೇಳುವ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಕಬ್ಬಿಣದ ಕೊಳವೆಗಳು, ಮೈಯೆಲ್ಲ ತುಕ್ಕು, ಆದರೂ ಆಕಾರ ಹಾಗೇ ಉಳಿದಿತ್ತು. ಕೆಸರಿನಲ್ಲಿ ಹೂತರೆ ಗಾಳಿ ಆಡುವುದಿಲ್ಲ. ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಸೇರುವ ಜಾಗ ನಮ್ಮ ಮನೆಯ ಗೋಡೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಆ ಸೀಮೆಯಲ್ಲಿ ಕತ್ತಿ, ಹಾರೆಯೇ ಆಷಾಢ ಮುಗಿಯುವುದರೊಳಗೆ ಕೆಂಪಾಗುವಾಗ ಕೋವಿಯ ಪಾಡೇನು?

ಆದರೆ ಕೋವಿಯನ್ನು ತಿನ್ನುವುದು ಬರೀ ಮಳೆಯಲ್ಲ, ಅದರ ಹೊಟ್ಟೆಯೊಳಗಿನ ಮದ್ದು. ಕರಿಮದ್ದೆಂದರೆ ನೂರಕ್ಕೆ 75 ಭಾಗ ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಈಡು ಹಾರಿದ ಮೇಲೆ ನಳಿಗೆಯೊಳಗೆ ಉಳಿಯುವ ಕರಿಯಲ್ಲಿ ಉಪ್ಪಿನ ಜಾತಿಯ ಪದಾರ್ಥಗಳಿರುತ್ತವೆ. ಅಡಿಗೆ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರೊಡೆಯುವ ಹಾಗೆ ಅವೂ ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೇ ಕರಗಬೇಕು. ನಮ್ಮಜ್ಜ ಈಡು ಹೊಡೆದ ದಿನವೇ ಕೋವಿಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಕಬ್ಬಿಣಕ್ಕೆ ನೀರು ಹಾಕಿದರೆ ತುಕ್ಕು ಹಿಡಿಯುವುದಿಲ್ಲವೇ ಎಂದು ನಾವು ಹುಡುಗರು ನಗುತ್ತಿದ್ದೆವು. ನೀರು ಬಿಸಿಯಿದ್ದರೆ ನಳಿಗೆಯೂ ಕಾಯುತ್ತದೆ, ತೇವ ತಾನಾಗಿ ಆರುತ್ತದೆ ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ಕೇಪಿನ ಕಥೆ ಇನ್ನೊಂದು. ಮೊದಲು ಚಕಮಕಿ ಕಲ್ಲಿನ ಕೋವಿ ಇತ್ತು, ಮಳೆ ಬಂದರೆ ಬಟ್ಟಲ ಮದ್ದು ನೆನೆದು ಕೆಲಸ ಕೆಡುತ್ತಿತ್ತು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ 1807ರಲ್ಲಿ ಪೆಟ್ಟು ಬಿದ್ದರೆ ಸಿಡಿಯುವ ಮದ್ದಿಗೆ ಪೇಟೆಂಟ್ ಪಡೆದರು. ತಾಮ್ರದ ಕೇಪು ಬಂದದ್ದು ಅದರ ನಂತರ. ಮಳೆಯ ತೊಂದರೆ ಕಳೆಯಿತು, ತುಕ್ಕಿನ ತೊಂದರೆ ಹೆಚ್ಚಾಯಿತು, ಏಕೆಂದರೆ ಇಂಥ ಮದ್ದಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದರೆ ಉಳಿಯುವುದು ಅಡಿಗೆ ಉಪ್ಪಿನ ಅಣ್ಣತಮ್ಮನೇ. ಒರೆಸಿ ಎಣ್ಣೆ ಹಾಕಿದ ಬಂದೂಕೂ ಯಾಕೆ ಮತ್ತೆ ತುಕ್ಕು ಹಿಡಿಯುತ್ತದೆಂದು ಅಮೆರಿಕದ ಗಣಿ ಇಲಾಖೆಯವರು ಪರೀಕ್ಷೆ ಮಾಡಿ ಈ ಉಪ್ಪನ್ನೇ ಹಿಡಿದು ತೋರಿಸಿದ್ದು 1920ರ ದಶಕದಲ್ಲಿ. ಅಜ್ಜನ ಬಿಸಿನೀರಿಗೆ ಸರ್ಟಿಫಿಕೇಟ್ ಸಿಕ್ಕಿದ್ದು ಹೀಗೆ.

ಇನ್ನೊಂದು ಸೋಜಿಗ. ಹಳೇ ನಳಿಗೆಯ ಕಂದು ಬಣ್ಣ ಪೇಂಟಲ್ಲ, ಅದೂ ತುಕ್ಕೇ! ಔಷಧಿ ಸವರಿ ಬೇಕೆಂದೇ ತೆಳ್ಳಗೆ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ, ಹೀಗೆ ಹಲವು ಸಲ ಮಾಡಿ ಕೊನೆಗೆ ಎಣ್ಣೆ ಕುಡಿಸುತ್ತಿದ್ದರು. ನಡುವೆ ನೀರಿನಲ್ಲಿ ಕುದಿಸಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಆ ಪದರ ಎಣ್ಣೆ ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಇಂಗ್ಲಿಷ್ ಸೈನ್ಯದಲ್ಲಿ ಮೊದಲು ಇಟ್ಟಿಗೆ ಪುಡಿಯಿಂದ ತಿಕ್ಕಿ ನಳಿಗೆ ಬೆಳ್ಳಗೆ ಹೊಳೆಯಿಸುವುದೇ ಶಿಸ್ತಾಗಿತ್ತು, ನಳಿಗೆ ಸವೆದದ್ದೇ ಲಾಭ. 1815ರ ಸುಮಾರಿಗೆ ಅವರೂ ಕಂದಿಗೆ ಬಂದರು.

ನಮ್ಮ ದೇಶದ ಕಡೆ ನೋಡಿದರೆ, 1857ರ ದಂಗೆಯ ನಂತರ ಸರ್ಕಾರ ಜನರ ಆಯುಧ ಕಸಿಯುವ ಕಾನೂನು ತಂದಾಗ, 1861ರಲ್ಲಿ ಕೊಡಗಿನವರಿಗೆ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಸ್ವಾತಂತ್ರ್ಯದ ನಂತರವೂ ಮುಂದುವರಿದು, 2019ರ ಆದೇಶದಂತೆ 2029ರವರೆಗೆ ಇದೆ. ಅಲ್ಲಿ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳಲ್ಲಿ ಕೈಲ್‌ಪೊಳ್ದ್ ಹಬ್ಬ. ಕೋವಿಗಳನ್ನೆಲ್ಲ ಇಳಿಸಿ ಶುಚಿ ಮಾಡಿ, ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ಮಳೆಗಾಲವಿಡೀ ಕೂತ ತುಕ್ಕು ತಿಂಗಳುಗಟ್ಟಲೆ ಬೇರೂರುವ ಮೊದಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಆ ಕೆಲಸ ಆಯುಧಪೂಜೆಗೆ ಬಿಟ್ಟದ್ದು. ನಾವು ಅರಿಶಿನ ಕುಂಕುಮದ ನೀರು ಹಚ್ಚಿ ಹಾಗೇ ಬಿಡುತ್ತೇವೆ, ಬೊಟ್ಟಿಟ್ಟ ಜಾಗದಲ್ಲೇ ತುಕ್ಕು ಏಳುತ್ತದೆ. ದೇವರೇನೂ ಕೋಪಿಸುವುದಿಲ್ಲ, ಮರುದಿನ ಒರೆಸಿ ಎಣ್ಣೆ ಹಾಕಿ.

ಇಷ್ಟು ತಿಳಿದೂ ನಾವು ಕೆಟ್ಟದ್ದು 2024ರಲ್ಲಿ. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು, ಕೋವಿ ಠಾಣೆಗೆ ತಂದೊಪ್ಪಿಸಬೇಕೆಂದು ನೋಟೀಸು ಬಂತು. ಹಿಂದಿನ ಸಂಜೆಯಷ್ಟೇ ತೋಟದಲ್ಲಿ ಮಂಗ ಓಡಿಸಲು ಬರೀ ಮದ್ದಿನ ಎರಡು ಈಡು ಹಾರಿಸಿದ್ದೆವು. ಬೆಳಿಗ್ಗೆ ಬಸ್ಸಿನ ಗಡಿಬಿಡಿ. ತೊಳೆಯಲಿಲ್ಲ. ಅಪ್ಪಯ್ಯ ಮಾಡಿಸಿದ ಚರ್ಮದ ಚೀಲದಲ್ಲಿ ಹಾಕಿ ಕೊಟ್ಟು ರಸೀದಿ ತಂದೆವು. ಚರ್ಮವೂ ತೇವ ಹಿಡಿಯುತ್ತದೆ, ಅದರಲ್ಲಿ ಕೋವಿ ಇಡಲೇಬಾರದು. ಫಲಿತಾಂಶ ಜೂನ್ 4ಕ್ಕೆ, ಕೋವಿ ಕೈಗೆ ಬಂದದ್ದು ಮಳೆ ಹಿಡಿದ ಮೇಲೆ. ಕೇಪು ಕೂರಿಸುವ ತೂತು ಕಟ್ಟಿಹೋಗಿತ್ತು, ನಳಿಗೆ ಮೇಲೆಲ್ಲ ಕೆಂಪು ಹುಡಿ. ಠಾಣೆಯವರನ್ನು ಬೈದು ಪ್ರಯೋಜನವಿಲ್ಲ, ಉಪ್ಪು ತುಂಬಿ ಕೊಟ್ಟವರು ನಾವೇ.

ಸಿಟ್ಟಿನಲ್ಲಿ ಎಮರಿ ಕಾಗದ ತಗೊಂಡು ಒಂದು ದಿನವಿಡೀ ಉಜ್ಜಿದೆವು. ಬೆಳ್ಳಗಾಯಿತು, ಖುಷಿಯಾಯಿತು. ಕೋವಿ ರಿಪೇರಿಯ ಹಿರಿಯರೊಬ್ಬರಿಗೆ ತೋರಿಸಿದರೆ, "ಮಾರಾಯ್ರೆ, ತುಕ್ಕು ತೆಗೆದದ್ದಲ್ಲ, ಚರ್ಮ ಸುಲಿದಿದ್ದೀರಿ" ಅಂದರು. ಆಮೇಲೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ ಸುಮ್ಮನಾದರು. ಬುಡದ ಹತ್ತಿರ ಜೋಳದ ಕಾಳಿನಷ್ಟು ಗುಳಿಗಳು. ಈಡಿನ ಜೋರು ಪೂರ್ತಿ ಬೀಳುವ ಜಾಗವದು, ಒಡೆದರೆ ಎಡಗೈ, ಕಣ್ಣು ಎರಡೂ ಹೋಗುವುದು. ಇನ್ನು ಹೊಡೆಯಬೇಡಿ ಅಂದರು.

ಅವರು ಹೇಳಿಕೊಟ್ಟ ಕ್ರಮ ಸದಸ್ಯರಿಗೆ ಉಪಯೋಗವಾಗಲಿ. ಮೊದಲು ಈಡು ತುಂಬಿದೆಯೋ ಎಂದು ಗಜ ಇಳಿಸಿ ನೋಡುವುದು. ಕೇಪಿನ ಕೋವಿಯಾದರೆ ಬುಡವನ್ನು ಬಿಸಿನೀರ ಬಕೀಟಿನಲ್ಲಿಟ್ಟು, ಗಜಕ್ಕೆ ಬಟ್ಟೆ ಸುತ್ತಿ ಪಂಪಿನ ಹಾಗೆ ಎಳೆದು ಬಿಡುವುದು. ನೀರು ತಿಳಿಯಾಗುವವರೆಗೂ ಬಿಡಬಾರದು. ಒಣಬಟ್ಟೆ ಹಾಕಿ, ಆರಿಸಿ, ಹೊಲಿಗೆ ಮಿಷನ್ ಎಣ್ಣೆ ತೆಳ್ಳಗೆ ಸವರಿ, ಮರುದಿನ ಮತ್ತೊಮ್ಮೆ ಒರೆಸಿ ನೋಡುವುದು. ಬಟ್ಟೆ ಕೆಂಪಾದರೆ ಉಪ್ಪು ಉಳಿದಿದೆ ಎಂದರ್ಥ, ಪುನಃ ಬಿಸಿನೀರು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಬೇಡ. ಮೇಲಿನ ತುಕ್ಕಿಗೆ ರಾತ್ರಿಯಿಡೀ ಎಣ್ಣೆ ನೆನೆಸಿ ಹಿತ್ತಾಳೆ ಬ್ರಷ್ಷಿನಿಂದ ನಿಧಾನಕ್ಕೆ ಉಜ್ಜಬೇಕು. ಹಿತ್ತಾಳೆ ಉಕ್ಕಿಗಿಂತ ಮೆದು, ಗೀರುವುದಿಲ್ಲ. ಎಮರಿ ಮುಟ್ಟಬಾರದು.

ಅಜ್ಜನ ಕೋವಿ ಈಗಲೂ ಗೋಡೆಯಲ್ಲಿದೆ. ಲೈಸೆನ್ಸ್ ನವೀಕರಣಕ್ಕೆ ಒಯ್ದು ತೋರಿಸಿ ತರುತ್ತೇವೆ, ಈಡು ಹಾಕುವುದಿಲ್ಲ. ಮಂಗಗಳಿಗೆ ಸದ್ಯ ಪಟಾಕಿ ಹೊಡೆಯುತ್ತಿದ್ದೇವೆ, ಅವಕ್ಕೂ ಅದು ಅಭ್ಯಾಸವಾಗುತ್ತಾ ಬಂದಿದೆ.